ಗಿಟಾರಿನ ಒಂಟಿ ನುಡಿ

ಕಳೆದ ತಿಂಗಳು ನಾವು ಹಗರೆಯಲ್ಲಿರುವ ತಂಗಿಯ ಮನೆಗೆ ಹೋದಾಗ ಅಲ್ಲಿ ಒಂದು ವ್ಯಾಜ್ಯವು ನಮ್ಮ ತೀರ್ಪಿಗಾಗಿ ಕಾದಿದ್ದಿತು. ಆಕೆಯ ಮಗನು ಹಾಸನದಲ್ಲಿ ಕಾಲೇಜು ಓದುತ್ತಿರುವ ಹುಡುಗ. ಸಂಜೆ ಬೇಲೂರು ಬಸ್ಸಿನಿಂದ ಇಳಿದು ಬಂದವನೇ ಪುಸ್ತಕವನ್ನು ಮುಟ್ಟದೆ ವಿದ್ಯುತ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಡುವನು. "ಅಣ್ಣಯ್ಯ, ಅದನ್ನು ಮಾರಿಬಿಡೆಂದು ನೀವಾದರೂ ಹೇಳಿ" ಎಂದಳು ತಂಗಿ. ಪಂಪುಸೆಟ್ಟು ರಿಪೇರಿಯಲ್ಲಿ ಪಳಗಿದ ಕೈಯವರಾದ ಭಾವನವರು ಮಾತನಾಡಲೇ ಇಲ್ಲ. ಅವರ ಮೌನವೇ ಸಾಕಾಗಿದ್ದಿತು.

ವೀಣೆಯನ್ನು ಕೇಳಿ ಬೆಳೆದ ನಮಗೆ ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂಬ ಎಣಿಕೆಯಿದ್ದುದನ್ನು ವಾಚಕರಲ್ಲಿ ಒಪ್ಪಿಕೊಳ್ಳುತ್ತೇವೆ. "ತೀರ್ಪಿಗೆ ಮುಂಚೆ ಮೂರು ಹಾಡು ಕೇಳಿ ಮಾವ" ಎಂದನು ಹುಡುಗ. ಗಾಯಕನು ಸುಮ್ಮನಾಗಿ ಗಿಟಾರೊಂದೇ ಹಾಡನ್ನು ಮುಂದಕ್ಕೊಯ್ಯುವ ಭಾಗಕ್ಕೆ ಸೋಲೋ ಎಂದು ಹೆಸರಂತೆ.

ಮೊದಲನೆಯದು ಈಗಲ್ಸ್ ತಂಡದ 1976ರ 'ಹೋಟೆಲ್ ಕ್ಯಾಲಿಫೋರ್ನಿಯಾ'. ಕೊನೆಯಲ್ಲಿ ಡಾನ್ ಫೆಲ್ಡರ್, ಜೋ ವಾಲ್ಷ್ ಎಂಬಿಬ್ಬರು ಸರದಿಯಂತೆ ನುಡಿಸಿ ಬಳಿಕ ಜೊತೆಗೂಡುವರು. ಇಂಪಾಗಿಯೇ ಇದೆ, ಆದರೆ ದನಿಯನ್ನು ಮೆಲ್ಲಮೆಲ್ಲನೆ ಕುಗ್ಗಿಸಿ ಮರೆಮಾಡಿರುವುದು ಮಂಗಳ ಹಾಡದೆ ಕಚೇರಿ ಮುಗಿಸಿದಂತಾಯಿತು. ಪಿಂಕ್ ಫ್ಲಾಯ್ಡ್ ತಂಡದ 'ಕಂಫರ್ಟಬ್ಲಿ ನಂಬ್' (1979) ಎಂಬುದರಲ್ಲಿ ಡೇವಿಡ್ ಗಿಲ್ಮರ್ ಅವಸರವನ್ನೇ ಅರಿಯದವನಂತೆ ನುಡಿಸಿದ್ದಾನೆ. ವೈಣಿಕನು ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಸೆಳೆದು ಗಮಕ ಹೊರಡಿಸುವಂತೆಯೇ ಆತನೂ ತಂತಿಯನ್ನೆಳೆದು ಒಂದು ಸ್ವರವನ್ನು ಮತ್ತೊಂದಕ್ಕೆ ಏರಿಸುವನು. ನಾವು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆವು.

ಮೂರನೆಯದು ಕ್ವೀನ್ ತಂಡದ 1975ರ 'ಬೊಹೀಮಿಯನ್ ರ‍್ಯಾಪ್ಸಡಿ'. ಅದರಲ್ಲಿ ಬ್ರಯನ್ ಮೇ ನುಡಿಸಿರುವ ಸೋಲೋ ಬಹು ಚಿಕ್ಕದು. ಗಾಯಕನು ಬಿಟ್ಟ ಮಾತನ್ನು ತಂತಿಯೇ ಎತ್ತಿಕೊಂಡು ಪೂರೈಸಿದಂತಿದೆ. ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಇದೇ. ಆ ವಾದ್ಯದ ಕಥೆಯಂತೂ ಗೃಹಿಣಿಯರು ಕೇಳತಕ್ಕದ್ದು. ಕೊಳ್ಳಲು ಹಣವಿಲ್ಲದ ಹುಡುಗನೂ ಇಂಜಿನಿಯರಾದ ತಂದೆಯೂ 1963ರಲ್ಲಿ ತೊಡಗಿ, ಸುಮಾರು ಎರಡು ವರ್ಷಗಳಲ್ಲಿ ಅದನ್ನು ಮನೆಯಲ್ಲೇ ಕಟ್ಟಿದರು. ಹಳೆಯ ಅಗ್ಗಿಷ್ಟಿಕೆಯ ಮೇಲಿನ ಹಲಗೆಯೇ ಗಿಟಾರಿನ ಕತ್ತಾಯಿತು. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿಗಳನ್ನು ತುಂಬಿದರು. ತಾಯಿಯ ಹೊಲಿಗೆಪೆಟ್ಟಿಗೆಯ ಗುಂಡಿಗಳು ಸ್ವರಸ್ಥಾನದ ಗುರುತುಗಳಾದುವು. ತಂತಿಗಳ ಸೆಳೆತವನ್ನು ಸರಿದೂಗಿಸಲು ಹಳೆಯ ಮೋಟಾರ್ ಸೈಕಲ್ಲಿನ ವಾಲ್ವು ಸ್ಪ್ರಿಂಗುಗಳನ್ನು ಕೂರಿಸಿದರು. ನಮ್ಮ ವೀಣೆಯಂತೆ ಅದಕ್ಕೂ ಇಪ್ಪತ್ತನಾಲ್ಕೇ ಮೆಟ್ಟಿಲು! ಆತನು ನುಡಿಸುವುದು ಆರು ಪೆನ್ನಿಯ ನಾಣ್ಯದಿಂದ.

"ಓದು ಏನಾಯಿತು?" ಎಂದರು ಭಾವನವರು, ಅಂದು ಮೊದಲ ಬಾರಿಗೆ ಬಾಯ್ದೆರೆದು.

ಹುಡುಗನು ತಡವರಿಸಿದನು. ಮೇ ಖಗೋಳ ವಿಜ್ಞಾನದ ಸಂಶೋಧನೆಯನ್ನು ಅರ್ಧಕ್ಕೇ ಬಿಟ್ಟು ತಂಡದೊಡನೆ ಹೋದದ್ದು ನಿಜ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡಾಕ್ಟರೇಟನ್ನು ಪೂರೈಸಿದ್ದು 2007ರಲ್ಲಿ.

"ಅಂದರೆ ಅರವತ್ತಕ್ಕೆ! ಇವನಿಗೂ ಅಲ್ಲಿಯತನಕ ನಾನೇ ಫೀಸು ಕಟ್ಟಲೋ?"

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಗಿಟಾರನ್ನು ಮಾರಕೂಡದು, ಪರೀಕ್ಷೆ ಮುಗಿಯುವವರೆಗೆ ಸಂಜೆ ಒಂದೇ ಗಂಟೆ ನುಡಿಸತಕ್ಕದ್ದು ಎಂದು ತೀರ್ಪಿತ್ತೆವು. ತಂಗಿ ಅರೆಮನಸ್ಸಿನಿಂದ ಒಪ್ಪಿದಳು. ಭಾವನವರು ಏನೂ ಹೇಳದೆ ಎದ್ದುಹೋದರು. ಆದರೆ ಮರುದಿನ ಬೆಳಗ್ಗೆ ನಾವು ಬಸ್ಸಿಗೆ ಹೊರಟಾಗ, ಆ ವಾಲ್ವು ಸ್ಪ್ರಿಂಗು ಗಿಟಾರಿನಲ್ಲಿ ಎಲ್ಲಿ ಕೂರುತ್ತದೆಂದು ಅವರು ಮಗನನ್ನು ವಿಚಾರಿಸುತ್ತಿದ್ದುದು ಕಿವಿಗೆ ಬಿದ್ದಿತು.