ಬಚ್ಚಿಟ್ಟ ಡಬ್ಬಿ, ಬಯಲಲ್ಲಿರುವ ಕಲ್ಲು

ಕಳೆದ ಬೇಸಿಗೆಯಲ್ಲಿ ಸಂಸಾರ ಸಮೇತ ಸಿಂಗಪುರಕ್ಕೆ ಹೋಗಿದ್ದಾಗ ‘ಜಿಯೊಕ್ಯಾಶಿಂಗ್’ ಆಡಿದೆವು. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ, ರೇಖಾಂಶ ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಡುವ ಆಟವಿದು. ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ ಹುಟ್ಟಿದ್ದು. ಅಕ್ಷಾಂಶದಲ್ಲಿ 0.001 ಡಿಗ್ರಿ ತಪ್ಪಿದರೂ ಸುಮಾರು 111 ಮೀಟರ್ ದೂರ! ಒಂದು ಅಂಕಿ ತಪ್ಪು ಬರೆದುಕೊಂಡ ನಾನು ಎಲ್ಲರನ್ನೂ ಬಿಸಿಲಲ್ಲಿ ಅಲೆಸಿದೆ.

‘ಅಪ್ಪ, ನಮ್ಮೂರಲ್ಲಿ ಹುಡುಕುವಂಥದ್ದು ಏನೂ ಇಲ್ಲವಾ?’ ಎಂದ ಮಗ.

ಇದೆ. ನಮ್ಮ ಜಯನಗರಕ್ಕೆ ಹತ್ತಿರದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದಿದೆ, ಅದರಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಕೆಂಪೇಗೌಡರಿಗಿಂತ ಆರುನೂರು ವರ್ಷ ಹಿಂದೆಯೇ ಈ ಹೆಸರಿತ್ತು! ಇಷ್ಟು ವರ್ಷ ಪಾಠ ಹೇಳಿಯೂ ನಾನದನ್ನು ನೋಡಿರಲಿಲ್ಲ.

ಮಕ್ಕಳೇ, ಈ ಭಾನುವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ. ಅಕ್ಷಾಂಶ, ರೇಖಾಂಶ ಗುರುತು ಹಾಕಿಕೊಳ್ಳಿ. ಆದರೆ ನಿಮ್ಮ ಹೆಸರನ್ನು ಕಲ್ಲಿನ ಮೇಲಲ್ಲ, ನೋಟ್‌ಬುಕ್ಕಿನಲ್ಲಿ ಬರೆಯಿರಿ.