ಸಂದರ್ಶಕ ವೀಸಾ ಮತ್ತು ನಮ್ಮ ವರ್ತಕರ ಲೆಕ್ಕಪತ್ರ

ವಿದೇಶ ಪ್ರಯಾಣವು ಬೆಂಗಳೂರಿನವರಿಗೆ ಮಾತ್ರ ಮೀಸಲೆಂಬ ಕಾಲ ಎಂದೋ ಕಳೆದುಹೋಯಿತು. ಇಂದು ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ವರ್ತಕರ ಮನೆಗಳಿಂದಲೂ ಮೊಮ್ಮಗುವಿನ ಮುಖ ನೋಡಲು ಅಮೆರಿಕಕ್ಕೆ ಹೊರಡುವ ಹಿರಿಯರಿದ್ದಾರೆ; ಜರ್ಮನಿಯ ಕಲೋನ್ ನಗರದ ಆಹಾರೋದ್ಯಮ ಮೇಳವನ್ನು ಕಣ್ಣಾರೆ ಕಾಣಬೇಕೆನ್ನುವ ಸಣ್ಣ ಕೈಗಾರಿಕೋದ್ಯಮಿಗಳಿದ್ದಾರೆ. ಇವರೆಲ್ಲರೂ ಸಂದರ್ಶಕ ವೀಸಾ ಎಂಬ ಬಾಗಿಲನ್ನು ದಾಟಲೇಬೇಕು. ಅಲ್ಲಿ ಕೇಳಲಾಗುವ ಮುಖ್ಯ ಪ್ರಶ್ನೆಗಳು ಎರಡು: ಪ್ರಯಾಣದ ವೆಚ್ಚವನ್ನು ಭರಿಸುವ ಶಕ್ತಿ ನಿಮಗಿದೆಯೇ? ಅವಧಿ ಮುಗಿದ ನಂತರ ಸ್ವದೇಶಕ್ಕೆ ಮರಳುವಿರೆಂಬುದಕ್ಕೆ ಆಧಾರವೇನು?

ಈ ಎರಡೂ ಪ್ರಶ್ನೆಗಳಿಗೆ ನಮ್ಮವರಲ್ಲಿ ಉತ್ತರವಿದೆ; ಕೊರತೆಯಿರುವುದು ಕಾಗದಕ್ಕೆ. ತಲೆಮಾರುಗಳಿಂದ ನಡೆದುಬಂದ ಮಂಡಿ, ಹುಣಸೆ ತೋಪು, ತೆಂಗಿನ ತೋಟ, ಅವಿಭಕ್ತ ಕುಟುಂಬ, ಊರ ದೇವರ ಜಾತ್ರೆ ಇವೆಲ್ಲ ಮನುಷ್ಯನನ್ನು ಊರಿಗೆ ಕಟ್ಟಿಹಾಕುವ ಗಟ್ಟಿ ಹಗ್ಗಗಳೇ ಸರಿ. ಆದರೆ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿರುತ್ತದೆ, ಪೌತಿ ಖಾತೆಯಾಗಿರುವುದಿಲ್ಲ. ಅಂಗಡಿಯ ಬಾಡಿಗೆ ಕರಾರು ಬಾಯಿಮಾತಿನದು. ವಹಿವಾಟಿನ ಬಹುಪಾಲು ನಗದಿನಲ್ಲಿ. ಆದಾಯ ತೆರಿಗೆ ವಿವರಪಟ್ಟಿಯಲ್ಲಿ ತೆರಿಗೆ ಬೀಳದಷ್ಟೇ ಆದಾಯ. ಕೃಷಿ ಆದಾಯಕ್ಕೆ ವಿನಾಯಿತಿ ಇದೆಯೆಂಬ ಕಾರಣಕ್ಕೆ ಅದನ್ನು ನಮೂದಿಸುವ ಗೋಜಿಗೂ ಅನೇಕರು ಹೋಗುವುದಿಲ್ಲ. ಊರಿಗೆಲ್ಲ ಗೊತ್ತಿರುವ ಸ್ಥಿತಿವಂತರು ಹೀಗೆ ಕಾಗದದ ಮೇಲೆ ಬಡವರಾಗುತ್ತಾರೆ.

ಕಾನೂನು ಊರಿನವರ ಮಾತನ್ನು ಕೇಳುವುದಿಲ್ಲ. ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯಿದೆಯ 214(ಬಿ) ವಿಧಿಯ ಪ್ರಕಾರ, ಸಂದರ್ಶಕ ವೀಸಾ ಕೋರುವವರನ್ನು ಅಲ್ಲಿಯೇ ನೆಲೆಸಲು ಹೊರಟವರೆಂದು ಮೊದಲೇ ಭಾವಿಸಲಾಗುತ್ತದೆ. ಹಾಗಲ್ಲವೆಂದು ಅಧಿಕಾರಿಗೆ ಮನದಟ್ಟು ಮಾಡಿಕೊಡುವ ಹೊಣೆ ಅರ್ಜಿದಾರರದು. ಮಗನ ಸಂಬಳದ ಪತ್ರ, ಅಳಿಯನ ಭರವಸೆ ಪತ್ರ ಇವುಗಳ ಬಲದಿಂದ ವೀಸಾ ದೊರೆಯದು. ಅರ್ಜಿದಾರರು ತಮ್ಮ ಸ್ವಂತ ನೆಲೆ ಹಾಗೂ ಸಂಬಂಧಗಳ ಆಧಾರದ ಮೇಲೆಯೇ ಅರ್ಹರಾಗಬೇಕೆಂದು ಆ ದೇಶದ ವಿದೇಶಾಂಗ ಇಲಾಖೆ ಸ್ಪಷ್ಟಪಡಿಸಿದೆ. ಈ ವಿಧಿಯಡಿ ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಅವಕಾಶವಿಲ್ಲ. 2023ರ ಜೂನ್‌ನಲ್ಲಿ 185 ಡಾಲರಿಗೆ ಏರಿದ ಅರ್ಜಿ ಶುಲ್ಕ ಮರಳಿ ಬರುವುದೂ ಇಲ್ಲ. ಯೂರೋಪಿನ ಷೆಂಗೆನ್ ದೇಶಗಳ 2009ರ ವೀಸಾ ಸಂಹಿತೆಯು ತಿರಸ್ಕಾರದ ಕಾರಣವನ್ನು ಲಿಖಿತವಾಗಿ ನೀಡುವುದನ್ನೂ ಮೇಲ್ಮನವಿಯ ಹಕ್ಕನ್ನೂ ಒಳಗೊಂಡಿದೆಯಾದರೂ, ಮರಳುವ ಉದ್ದೇಶದ ಬಗೆಗಿನ ಸಂದೇಹ ಅಲ್ಲಿಯೂ ತಿರಸ್ಕಾರಕ್ಕೆ ಸಾಕಾಗುವ ಕಾರಣವೇ ಆಗಿದೆ.

ಇಂತಹ ಸನ್ನಿವೇಶದಲ್ಲಿ ನಮ್ಮವರು ಹಿಡಿಯುವ ಅಡ್ಡದಾರಿಗಳು ಚಿಂತೆಗೀಡುಮಾಡುತ್ತವೆ. ಅರ್ಜಿಗೆ ತಿಂಗಳಿರುವಾಗ ಬಂಧುಗಳಿಂದ ಕೈಗಡ ತಂದು ಖಾತೆಗೆ ಹಲವು ಲಕ್ಷ ತುಂಬುವುದು ಮೊದಲನೆಯದು. ಬ್ಯಾಂಕ್ ವಿವರಣೆಯನ್ನು ಪರಿಶೀಲಿಸುವವರು ಕೊನೆಯ ಶಿಲ್ಕನ್ನಷ್ಟೇ ನೋಡದೆ ಹಣ ಬಂದುಹೋಗುವ ರೀತಿಯನ್ನೂ ಗಮನಿಸುತ್ತಾರೆ. ತಿಂಗಳಿಗೆ ಕೆಲವೇ ಸಾವಿರ ಓಡಾಡುತ್ತಿದ್ದ ಖಾತೆಗೆ ಒಂದೇ ದಿನ ಎಂಟು ಲಕ್ಷ ಬಂದರೆ ಸಂದೇಹ ಹುಟ್ಟುವುದು ಸಹಜ. ಎರಡನೆಯದು ಇನ್ನೂ ಅಪಾಯಕಾರಿಯಾದದ್ದು: ಮಧ್ಯವರ್ತಿಗಳು ಸೃಷ್ಟಿಸಿಕೊಡುವ ಖೋಟಾ ದಾಖಲೆ. ವಂಚನೆ ಸಾಬೀತಾದರೆ ಬ್ರಿಟನ್ ಹತ್ತು ವರ್ಷಗಳವರೆಗೆ ಬಾಗಿಲು ಮುಚ್ಚಬಹುದು. ಅಮೆರಿಕದಲ್ಲಿ ಅನರ್ಹತೆ ಜೀವನಪರ್ಯಂತ ಉಳಿಯಬಹುದು. ಮಧ್ಯವರ್ತಿ ತನ್ನ ದಲ್ಲಾಳಿ ಹಣ ಪಡೆದು ಹೋಗುತ್ತಾನೆ. ಮೊಮ್ಮಗುವನ್ನು ಎತ್ತಿಕೊಳ್ಳಲಾಗದೆ ಉಳಿಯುವವರು ನಾವು.

ನನ್ನ ದೃಢ ಅಭಿಪ್ರಾಯವಿಷ್ಟೇ: ವೀಸಾದ ಕಡತವು ಅರ್ಜಿಯ ತಿಂಗಳಲ್ಲಿ ತಯಾರಾಗತಕ್ಕದ್ದಲ್ಲ, ವ್ಯಾಪಾರದ ದೈನಂದಿನ ಲೆಕ್ಕದಿಂದಲೇ ಮೂಡಿಬರತಕ್ಕದ್ದು. ಮೂರು ವರ್ಷಗಳ ಆದಾಯ ವಿವರಪಟ್ಟಿ, ಅದಕ್ಕೆ ಹೊಂದುವ ಜಿ.ಎಸ್.ಟಿ. ಲೆಕ್ಕ ಹಾಗೂ ಚಾಲ್ತಿ ಖಾತೆ, ಉದ್ಯಮ್ ನೋಂದಣಿ, ಸ್ವಂತ ಹೆಸರಿನ ಪಹಣಿ ಅಥವಾ ಇ-ಸ್ವತ್ತು, ಬರಹದಲ್ಲಿರುವ ಬಾಡಿಗೆ ಕರಾರು ಇವು ಒಂದನ್ನೊಂದು ಸಮರ್ಥಿಸಬೇಕು. ನಮ್ಮ ಕಂದಾಯ ದಾಖಲೆಗಳು ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದವೂ ಜೊತೆಗಿರಬೇಕು. ಆಂಧ್ರದ ಗಡಿಯಾಚೆ ಜಮೀನು ಹೊಂದಿರುವ ಪಾವಗಡದವರಿಗೆ ತೆಲುಗು ದಾಖಲೆಗಳ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ.

ಬರಹದ ಬೆಲೆಯನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ಸ್ಥಾಪಿಸಲಾಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಆ ಗುತ್ತಿಗೆಗೆ ಕರಾರುಪತ್ರವಿದೆ. ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುತ್ತಿದ್ದ ಅದೇ ಭೂಮಿ, ಕರಾರಿನಿಂದಾಗಿ ಯಾವ ಅಧಿಕಾರಿಯ ಮುಂದೆಯಾದರೂ ಇಡಬಹುದಾದ ಸಾಕ್ಷಿಯಾಯಿತು.

ಮತ್ತೊಂದು ಸೂಕ್ಷ್ಮವನ್ನು ಗಮನಿಸಬೇಕು. "ನಾನಿಲ್ಲದೆ ಅಂಗಡಿ ನಡೆಯದು" ಎಂದು ಹೇಳುವವರು ಆರು ತಿಂಗಳ ವಾಸ್ತವ್ಯ ಕೋರಿದರೆ ಅವರ ಮಾತನ್ನು ಅವರ ಅರ್ಜಿಯೇ ಸುಳ್ಳಾಗಿಸುತ್ತದೆ. ಕಡಲೆಕಾಯಿಯ ಆವಕ ಅಕ್ಟೋಬರ್-ನವೆಂಬರ್‌ನಲ್ಲಿ, ಹುಣಸೆಯದು ಬೇಸಿಗೆಯ ಆರಂಭದಲ್ಲಿ. ಸುಗ್ಗಿಯಿಲ್ಲದ ದಿನಗಳಲ್ಲಿ ಮೂರು ನಾಲ್ಕು ವಾರ ಹೋಗಿಬರುವುದಾಗಿಯೂ, ಆ ಅವಧಿಯಲ್ಲಿ ವ್ಯವಹಾರವನ್ನು ಯಾರು ನೋಡಿಕೊಳ್ಳುವರೆಂಬುದನ್ನೂ ಸರಳವಾಗಿ ತಿಳಿಸಿದರೆ, ವ್ಯಾಪಾರವೇ ಮರಳುವ ದಿನಾಂಕವನ್ನು ನುಡಿಯುತ್ತದೆ.

ಲೆಕ್ಕವನ್ನು ತೆರೆದಿಟ್ಟರೆ ತೆರಿಗೆಯ ಹೊರೆ ಹೆಚ್ಚುವುದೆಂದು ಕೆಲವು ಹಿರಿಯ ಸದಸ್ಯರು ಆಕ್ಷೇಪಿಸಬಹುದು. ಕೆಲವರಿಗೆ ಹೆಚ್ಚುವುದು ನಿಜವೇ. ಆದರೆ ಬ್ಯಾಂಕಿನ ದುಡಿಮೆ ಬಂಡವಾಳದ ಸಾಲಕ್ಕೂ ಇದೇ ಲೆಕ್ಕ ಬೇಕು. ತೋರಿಸದ ಆದಾಯದ ಮೇಲೆ ಬ್ಯಾಂಕೂ ಸಾಲ ಕೊಡದು, ಕಾನ್ಸುಲೇಟೂ ವೀಸಾ ಕೊಡದು. ಎಲ್ಲವೂ ಸರಿಯಿದ್ದರೂ ಕೆಲವೇ ನಿಮಿಷಗಳ ಸಂದರ್ಶನದಲ್ಲಿ ತಿರಸ್ಕೃತರಾಗುವವರಿದ್ದಾರೆ. ಈ ವ್ಯವಸ್ಥೆ ಸಂಪೂರ್ಣ ನ್ಯಾಯಯುತವೆಂದು ನಾನು ವಾದಿಸುವುದಿಲ್ಲ. ಆದರೂ ನಿಯಮದಂತೆ ಹೋಗಿಬಂದವರಿಗೆ ಮುಂದಿನ ದಾರಿ ಸುಗಮವಾಗುತ್ತದೆ. ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷಗಳ ಬಹುಪ್ರವೇಶ ವೀಸಾ ನೀಡುವ ಕ್ರಮವನ್ನು ಯೂರೋಪಿಯನ್ ಒಕ್ಕೂಟವು 2024ರ ಏಪ್ರಿಲ್‌ನಲ್ಲಿ ಅಂಗೀಕರಿಸಿತು.

ಈ ನಿಟ್ಟಿನಲ್ಲಿ ವಾಣಿಜ್ಯ ಮಂಡಳಿಗಳ ಹೊಣೆಯೂ ದೊಡ್ಡದು. ಪರಿಚಯ ಅಥವಾ ಮುಲಾಜಿಗೆ ಕೊಟ್ಟ ಶಿಫಾರಸು ಪತ್ರ ಸುಳ್ಳೆಂದು ಕಂಡುಬಂದರೆ, ಅದೇ ಮುದ್ರೆಯ ಮುಂದಿನ ಪತ್ರಗಳನ್ನು ನಂಬುವವರಾರು? ಆದುದರಿಂದ ಕನಿಷ್ಠ ಎರಡು ವರ್ಷಗಳ ಸದಸ್ಯತ್ವ, ಲೆಕ್ಕಪತ್ರಗಳ ಪರಿಶೀಲನೆ, ಅಂಗಡಿ ಅಥವಾ ಕಾರ್ಖಾನೆಯ ಪ್ರತ್ಯಕ್ಷ ಭೇಟಿ ಇವಿಲ್ಲದೆ ಪತ್ರ ನೀಡಕೂಡದು. ಪತ್ರ ಪಡೆದವರು ಮರಳಿದ ನಂತರ ಕಚೇರಿಗೆ ತಿಳಿಸುವ ಪದ್ಧತಿಯೂ ಜಾರಿಗೆ ಬರಲಿ. ತಾಲ್ಲೂಕು ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧಕರನ್ನೂ ಕಂದಾಯ ದಾಖಲೆ ಬಲ್ಲವರನ್ನೂ ಕರೆಸಿ ಸದಸ್ಯರಿಗೆ ಮಾರ್ಗದರ್ಶನ ಕೊಡಿಸಲಿ.

ಪಾಸ್‌ಪೋರ್ಟ್ ಮಾಡಿಸುವ ಮುನ್ನ ಪೌತಿ ಖಾತೆ ಮಾಡಿಸಿಕೊಳ್ಳಿ. ಟಿಕೆಟ್ಟಿನ ದರ ವಿಚಾರಿಸುವ ಮುನ್ನ ಈ ಸಾಲಿನ ವಿವರಪಟ್ಟಿಯನ್ನು ಸರಿಯಾಗಿ ಸಲ್ಲಿಸಿ ಎಂಬುದು ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ.