ಯಂತ್ರಕ್ಕೆ ಏನು ಕಾಣುವುದಿಲ್ಲ ಎಂದೂ ಕೇಳಿ

ವಿಮಾನ ನಿಲ್ದಾಣದಲ್ಲಿ ಭದ್ರತಾ ಸಿಬ್ಬಂದಿ ನಿಮ್ಮ ಬ್ಯಾಗಿನ ಮೇಲೆ ಸಣ್ಣ ಪಟ್ಟಿಯೊಂದನ್ನು ಸವರಿ ಯಂತ್ರದೊಳಗೆ ತುರುಕುತ್ತಾರಲ್ಲ, ಅಂಥ ಯಂತ್ರಗಳಲ್ಲಿ ಅನೇಕವು ಅಯಾನ್ ಮೊಬಿಲಿಟಿ ಸ್ಪೆಕ್ಟ್ರೋಮೀಟರ್‌ಗಳು. ಪಟ್ಟಿಯನ್ನು ಕಾಯಿಸಿ, ಎದ್ದ ಆವಿಯನ್ನು ಅಯಾನುಗಳಾಗಿಸಿ, ಗಾಳಿ ತುಂಬಿದ ಕೊಳವೆಯಲ್ಲಿ ಓಡಿಸುತ್ತವೆ. ಗಾತ್ರ, ಆಕಾರಕ್ಕೆ ತಕ್ಕಂತೆ ಒಂದು ಬೇಗ, ಇನ್ನೊಂದು ತಡವಾಗಿ ಗುರಿ ಮುಟ್ಟುತ್ತದೆ. ಎಲ್ಲ ಮಿಲಿಸೆಕೆಂಡುಗಳ ಲೆಕ್ಕ.

ನನ್ನ ತಕರಾರು ಓಟದ ಬಗ್ಗೆ ಅಲ್ಲ, ಅದರ ಹಿಂದಿನ ಹಂತದ ಬಗ್ಗೆ. ಅಯಾನಾಗದ ಅಣು ಓಟಕ್ಕೇ ಇಳಿಯುವುದಿಲ್ಲ.

ಅಯಾನಾಗಿಸುವ ಕೆಲಸಕ್ಕೆ ದಶಕಗಳಿಂದ ನಂಬಿಕೊಂಡು ಬಂದಿರುವುದು ನಿಕ್ಕಲ್-63 ಎಂಬ ವಿಕಿರಣಶೀಲ ಲೋಹವನ್ನು. ಅದಕ್ಕೆ ಕರೆಂಟು ಬೇಡ, ಅರ್ಧಾಯುಷ್ಯ ಸುಮಾರು 100 ವರ್ಷ. ಅದರ ಬೀಟಾ ಕಣಗಳು ಮೊದಲು ಗಾಳಿಯನ್ನು ಅಯಾನಾಗಿಸುತ್ತವೆ, ಅಲ್ಲಿಂದ ತೇವಾಂಶಕ್ಕೆ ಪ್ರೋಟಾನ್ ಸಿಗುತ್ತದೆ. ಆಮೇಲೆ ನಡೆಯುವುದು ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಆಟ. ಪ್ರೋಟಾನ್ ಕಸಿಯುವ ಬಲ ಅಮೋನಿಯಾಕ್ಕೆ ಹೆಚ್ಚು, ಬೆಂಜೀನಿಗೆ ಕಡಿಮೆ. ಪ್ರಯೋಗಾಲಯದಲ್ಲಿ ಬೆಂಜೀನ್ ಆವಿ ಹಾಯಿಸುವಾಗ ಅಮೋನಿಯಾ ಬಾಟಲಿಯ ಮುಚ್ಚಳ ತುಸು ಸಡಿಲಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಪರದೆಯ ಮೇಲಿದ್ದ ಬೆಂಜೀನಿನ ಪುಟ್ಟ ಶಿಖರ ಅವರೆದುರೇ ನೆಲಕಚ್ಚುತ್ತಿತ್ತು. ಬೆಂಜೀನ್ ಮಾತ್ರ ಕೊಳವೆಯಲ್ಲೇ ಇರುತ್ತಿತ್ತು! ಕ್ಯಾನ್ಸರ್ ತರುವ ಈ ವಸ್ತು ನಮ್ಮ ಪೆಟ್ರೋಲಿನಲ್ಲಿ ಶೇ 1ರವರೆಗೆ ಇರಲು ಬಿಎಸ್-6 ಮಾನದಂಡವೇ ಒಪ್ಪುತ್ತದೆ.

ಅದೇ ಬೆಂಜೀನಿಗೆ ಕ್ರಿಪ್ಟಾನ್ ದೀಪದ ಅತಿನೇರಳೆ ಬೆಳಕು ಬಿಟ್ಟರೆ ನೇರವಾಗಿ ಅಯಾನಾಗುತ್ತದೆ. ಅದಕ್ಕೆ 9.24 ಎಲೆಕ್ಟ್ರಾನ್ ವೋಲ್ಟ್ ಸಾಕು, ದೀಪ 10.6 ಕೊಡುತ್ತದೆ. ಹಾಗೆಂದು ದೀಪವೊಂದನ್ನೇ ನೆಚ್ಚಿದರೆ ಆರ್‌ಡಿಎಕ್ಸ್ ಎಂಬ ಸ್ಫೋಟಕ ನುಸುಳಿಕೊಳ್ಳುತ್ತದೆ. ಅದನ್ನು ಹಿಡಿಯಲು ಋಣ ಅಯಾನು ಬೇಕು, ಅದಕ್ಕೆ ನಿಕ್ಕಲ್ ಅಥವಾ ಸೂಜಿಮೊನೆಗೆ ಅಧಿಕ ವೋಲ್ಟೇಜ್ ಕೊಟ್ಟು ಉಂಟುಮಾಡುವ ಕೊರೋನಾ ವಿಸರ್ಜನೆಯೇ ಸರಿ.

ಆದ್ದರಿಂದ ಒಂದೇ ಯಂತ್ರದಲ್ಲಿ ದೀಪವೂ ಕೊರೋನಾ ಸೂಜಿಯೂ ಇದ್ದು, ಸರದಿಯಂತೆ ಕೆಲಸ ಮಾಡಬೇಕು ಎಂಬುದು ನನ್ನ ವಾದ. ಬೆಲೆ ಏರುತ್ತದೆ, ಕೊರೋನಾ ಓಝೋನ್ ಉಗುಳುತ್ತದೆ, ದೀಪದ ಕಿಟಕಿಗೆ ಜಿಡ್ಡು ಹಿಡಿಯುತ್ತದೆ ಎಂದು ಮಾರಾಟಗಾರರು ಹೇಳುತ್ತಾರೆ. ನಿಜವೇ. ಆದರೆ ಜಿಡ್ಡು ಒರೆಸಬಹುದು, ಓಝೋನನ್ನು ಗಾಳಿಯ ಹರಿವಿನಿಂದ ಆಚೆ ತಳ್ಳಬಹುದು. ನಿಕ್ಕಲ್-63 ಇಟ್ಟುಕೊಂಡರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ, ಕೊನೆಗೆ ವಿಲೇವಾರಿ, ಇವೂ ಖರ್ಚೇ.

ಇಂಥ ಯಂತ್ರಗಳನ್ನು ಕಾರ್ಖಾನೆಯ ಗಾಳಿ ಪರೀಕ್ಷಿಸಲೂ ಬಳಸುತ್ತಾರೆ, ಆ ಗಾಳಿ ಎಂದೂ ಒಂದೇ ಅನಿಲದ್ದಲ್ಲ. ಟೆಂಡರ್ ಬರೆಯುವ ಅಧಿಕಾರಿಗಳು ಎಷ್ಟು ಸೂಕ್ಷ್ಮ, ಎಷ್ಟು ಬೆಲೆ ಎಂದಷ್ಟೇ ಕೇಳಿದರೆ ಸಾಲದು. ಈ ಯಂತ್ರಕ್ಕೆ ಯಾವ ಆವಿ ಕಾಣುವುದಿಲ್ಲ ಎಂಬ ಪಟ್ಟಿಯನ್ನೂ ಕೇಳಲಿ. ಅದನ್ನು ಕೊಡಲೊಪ್ಪದವರ ಯಂತ್ರ ಎಷ್ಟೇ ಅಗ್ಗವಾದರೂ ಕೊಳ್ಳಬಾರದು.